ಸವಣೂರಿನ ಮಲ ಯಾವ ಸಬ್ಜೆಕ್ಟಿಗೆ ಸೇರುತ್ತೆ ಹೇಳ್ರಿ



ಉದ್ದದ ಪೋಸ್ಟ್. ಡಿಗ್ರಿ ಅಡ್ಮಿಷನ್ ಟೈಮ್ ಆಗಿದ್ದರಿಂದ ಈಗಲೇ ಬರೀಬೇಕು. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈರಿ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಕಡೆ ನಮ್ಮ ಕೇರಿಗಳಲ್ಲಿ ಈಗ ಒಂದೇ ಮಾತು ಕೇಳ್ತಿದೆ. "ಆರ್ಟ್ಸ್ ತಗೊಂಡು ಏನ ಮಾಡ್ತಿ? ಬಿ.ಎ. ಮಾಡಿ ಊರಾಗ ಎಷ್ಟ ಮಂದಿ ಖಾಲಿ ಕುಂತಾರ ನೋಡು. ನರ್ಸಿಂಗ್ ಮಾಡು, ಐಟಿಐ ಮಾಡು, ಇಲ್ಲಾ ಬಿ.ಕಾಂ. ಮಾಡಿ ಟ್ಯಾಲಿ ಕಲಿ." ಹೀಗೆ ಹೇಳೋರು ಮೇಲ್ಜಾತಿಯವರು ಅಂದ್ಕೋಬೇಡಿ. ನಮ್ಮ ಸಂಘಟನೆಯ ಅಣ್ಣಂದಿರೇ. ಏಪ್ರಿಲ್ 14ರಂದು ವೇದಿಕೆ ಹತ್ತಿ ಬಾಬಾಸಾಹೇಬರ ಡಿಗ್ರಿಗಳ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಹೇಳಿದವರೇ, ಮೇ ತಿಂಗಳಲ್ಲಿ ಅದೇ ವಿಷಯ ಓದ್ತೀನಿ ಅನ್ನೋ ಹುಡುಗಿಗೆ "ಅದರಾಗ ಏನೈತಿ ತಂಗಿ" ಅಂತಾರೆ.

ನರ್ಸಿಂಗ್ ಬೇಡ, ಐಟಿಐ ಬೇಡ ಅಂತ ನಾನು ಹೇಳ್ತಿಲ್ಲ. ಮನೆಯಲ್ಲಿ ನಾಳೆಗೆ ಜೋಳ ಇಲ್ಲದವನಿಗೆ ಉಪದೇಶ ಮಾಡೋ ಅಧಿಕಾರ ಯಾರಿಗೂ ಇಲ್ಲ. ನನ್ನ ತಕರಾರು ಬೇರೆ. ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಕಾನೂನು, ಸಾಹಿತ್ಯ ಇವನ್ನು ಬೆರೆಸಿ ಓದುವ ಕೋರ್ಸುಗಳು ನಮ್ಮ ಮಕ್ಕಳಿಗೆ ದಂಡ, ಅವು ಹೊಟ್ಟೆ ತುಂಬಿದವರ ಶೋಕಿ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಲ್ಲ, ಅದರ ಮೇಲೆ ನನ್ನ ಜಗಳ. ಈ ಓದು ಯಾರಿಗಾದರೂ ಅತ್ಯಗತ್ಯ ಅಂದ್ರೆ ಅದು ನಮಗೇ. ಯಾಕೆ ಅಂತ ಹೇಳ್ತೀನಿ.

ನಮ್ಮ ಜಿಲ್ಲೆಯಿಂದಲೇ ಶುರು ಮಾಡೋಣ. 2010ರ ಜುಲೈ ತಿಂಗಳು, ಸವಣೂರು. ಪುರಸಭೆಯವರು ಮನೆ ಖಾಲಿ ಮಾಡಿಸೋಕೆ ಹೊರಟಿದ್ದನ್ನು ವಿರೋಧಿಸಿ ಭಂಗಿ ಸಮುದಾಯದ ನಮ್ಮ ಅಣ್ಣತಮ್ಮಂದಿರು ಪುರಸಭೆ ಕಚೇರಿ ಎದುರು ಮಲವನ್ನು ಮೈಮೇಲೆ ಸುರಿದುಕೊಂಡರು. ಟಿ.ವಿ.ಯವರು ಬಂದರು, ಮಂತ್ರಿಗಳು ಬಂದರು, ದೇಶಕ್ಕೆಲ್ಲ ಸುದ್ದಿಯಾಯಿತು. ಮಲ ಹೊರಿಸೋದು ಅಪರಾಧ ಅಂತ ಕಾನೂನು ಬಂದಿದ್ದು 1993ರಲ್ಲಿ. ಅಂದ್ರೆ ಕಾನೂನಿಗೆ ಹದಿನೇಳು ವರ್ಷ ತುಂಬಿದ ಮೇಲೆ ಸವಣೂರಿನಲ್ಲಿ ಇದು ನಡೆಯಿತು. ಮತ್ತೆ ಹೊಸ ಕಾನೂನು ಬಂದಿದ್ದು 2013ರಲ್ಲಿ.

ಈಗ ಹೇಳ್ರಿ, ಆ ಘಟನೆ ಯಾವ ಸಬ್ಜೆಕ್ಟಿಗೆ ಸೇರುತ್ತೆ?

ಕಾನೂನು ಓದಿದವನು 1993ರ ಕಾಯ್ದೆಯ ಕಲಂ ತೆಗೆದು ತೋರಿಸ್ತಾನೆ. ಆದರೆ ಕಾಯ್ದೆ ಇದ್ದರೂ ಅದು ಆ ಓಣಿಗೆ ಯಾಕೆ ಬರಲಿಲ್ಲ ಅಂತ ಕಲಂನಲ್ಲಿ ಬರೆದಿರೋದಿಲ್ಲ. ಇತಿಹಾಸದವನು ಆ ಕುಟುಂಬಗಳು ಸವಣೂರಿಗೆ ಯಾವಾಗ ಬಂದವು, ಯಾರು ಕರೆತಂದರು ಅಂತ ಹೇಳಬಲ್ಲ. ಅರ್ಥಶಾಸ್ತ್ರದವನು ಆ ಜಾಗದ ಬೆಲೆ ಏರಿದಾಗಲೇ ಖಾಲಿ ಮಾಡಿಸೋ ನೋಟಿಸು ಯಾಕೆ ಬರುತ್ತೆ ಅಂತ ಕೇಳ್ತಾನೆ. ಸಮಾಜಶಾಸ್ತ್ರದವನು ಈ ಕೆಲಸಕ್ಕೆ ಒಂದೇ ಜಾತಿಯವರನ್ನು ತಲೆಮಾರುಗಟ್ಟಲೆ ಕಟ್ಟಿಹಾಕಿದ್ದು ಹೇಗೆ ಅಂತ ವಿವರಿಸ್ತಾನೆ. ರಾಜ್ಯಶಾಸ್ತ್ರದವನು ಪುರಸಭೆಯ ಓಟಿನ ಲೆಕ್ಕ ಬಿಚ್ಚುತ್ತಾನೆ. ಇನ್ನು ಮೈಮೇಲೆ ಮಲ ಸುರಿದುಕೊಳ್ಳೋದನ್ನೇ ಪ್ರತಿಭಟನೆಯ ಭಾಷೆ ಮಾಡಿಕೊಂಡ ಮನುಷ್ಯನ ಒಳಗೆ ಏನು ನಡೆದಿತ್ತು ಅನ್ನೋದಕ್ಕೆ ಸಾಹಿತ್ಯವೇ ಬೇಕು.

ಇವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ತುಣುಕು ಸಿಗುತ್ತೆ. ಇಡೀ ಸವಣೂರು ಯಾರಿಗೂ ಸಿಗೋದಿಲ್ಲ. ಜಾತಿ ಒಂದು ಡಿಪಾರ್ಟ್‌ಮೆಂಟಿನಲ್ಲಿ ಕೂತಿಲ್ಲ ಸ್ವಾಮಿ. ಅದು ಹೊಲದಲ್ಲಿದೆ, ಬ್ಯಾಂಕಿನಲ್ಲಿದೆ, ಬಾವಿಯಲ್ಲಿದೆ, ಮದುವೆಯಲ್ಲಿದೆ, ಕೋರ್ಟಿನ ತೀರ್ಪಿನಲ್ಲಿದೆ, ಬೈಗುಳದಲ್ಲೂ ಇದೆ. ಹಾಗಿದ್ದ ಮೇಲೆ ಅದನ್ನು ಹಿಡಿಯೋಕೆ ಹೋಗುವವನು ಒಂದೇ ಕೋಣೆಯಲ್ಲಿ ಕೂತು ಓದಿದರೆ ಆಗುತ್ತಾ?

"ಅಂತರಶಿಸ್ತೀಯ ಅಧ್ಯಯನ" ಅನ್ನೋ ದೊಡ್ಡ ಶಬ್ದಕ್ಕೆ ಇರೋದು ಇಷ್ಟೇ ಅರ್ಥ. ಮೂರು ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಮೂರು ಪರೀಕ್ಷೆ ಬರೆದರೆ ಅದು ಅಂತರಶಿಸ್ತೀಯ ಆಗೋದಿಲ್ಲ. ಒಂದು ಪ್ರಶ್ನೆ ಎತ್ತಿಕೊಂಡು, ಅದಕ್ಕೆ ಉತ್ತರ ಸಿಗೋವರೆಗೂ ಮೂರನ್ನೂ ದುಡಿಸಿಕೊಂಡರೆ ಅದು ಅಂತರಶಿಸ್ತೀಯ.

ಇದನ್ನು ನಮಗೆ ಯಾವ ಯುಜಿಸಿಯೂ ಹೇಳಿಕೊಡಬೇಕಾಗಿಲ್ಲ. ಬಾಬಾಸಾಹೇಬರು ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಪಡೆದು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ಮುಖ್ಯ ವಿಷಯ ಅರ್ಥಶಾಸ್ತ್ರ. ಆದರೆ ಅಲ್ಲಿ ಅವರು ತಗೊಂಡ ಕೋರ್ಸುಗಳ ಲೆಕ್ಕ ನೋಡ್ರಿ: ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜ್ಯಶಾಸ್ತ್ರ 3. ಜೊತೆಗೆ ಫ್ರೆಂಚ್ ಒಂದು, ಜರ್ಮನ್ ಒಂದು. ಡಿಗ್ರಿಗೆ ಬೇಕಾದಷ್ಟು ಓದಿ ಸಾಕು ಮಾಡಲಿಲ್ಲ. ಎಲ್ಲಾ ಬಾಗಿಲನ್ನೂ ತಟ್ಟಿದರು.

ಅದರ ಫಲ ಏನು? 1916ರ ಮೇ 9ರಂದು ಮಾನವಶಾಸ್ತ್ರದ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ವಯಸ್ಸು 25. ಅರ್ಥಶಾಸ್ತ್ರದ ಹುಡುಗ ಮಾನವಶಾಸ್ತ್ರದ ಕ್ಲಾಸಿನಲ್ಲಿ! ಆ ಪ್ರಬಂಧದಲ್ಲಿ ಅವರು ಜಾತಿಯ ಬೇರು ಒಳಮದುವೆಯಲ್ಲಿದೆ ಅಂತ ತೋರಿಸಿದರು. ಹೇಗೆ ತೋರಿಸಿದರು? ಒಂದು ಗುಂಪು ತನ್ನೊಳಗೇ ಮದುವೆ ಮಾಡಿಕೊಳ್ಳಬೇಕಾದರೆ ಗಂಡು-ಹೆಣ್ಣಿನ ಸಂಖ್ಯೆ ಸಮ ಇರಬೇಕು. ಗಂಡ ಸತ್ತರೆ ಹೆಣ್ಣು ‘ಹೆಚ್ಚುವರಿ’ ಆಗ್ತಾಳೆ, ಹೆಂಡತಿ ಸತ್ತರೆ ಗಂಡು ‘ಹೆಚ್ಚುವರಿ’ ಆಗ್ತಾನೆ. ಆ ಲೆಕ್ಕ ಸರಿದೂಗಿಸೋಕೆ ಬಂದಿದ್ದು ಸತಿ, ವಿಧವೆಗೆ ಮರುಮದುವೆ ಇಲ್ಲ ಅನ್ನೋ ಕಟ್ಟು, ಬಾಲ್ಯವಿವಾಹ. ಇದರಲ್ಲಿ ಜನಸಂಖ್ಯೆಯ ಲೆಕ್ಕ ಇದೆ, ಇತಿಹಾಸ ಇದೆ, ಕೆಳಗಿನವರು ಮೇಲಿನವರನ್ನು ಅನುಕರಿಸ್ತಾರೆ ಅನ್ನೋ ಸಮಾಜಶಾಸ್ತ್ರ ಇದೆ, ಹೆಣ್ಣಿನ ಪ್ರಶ್ನೆ ಇದೆ. ಒಂದೇ ವಿಷಯ ಓದಿದವನ ಕೈಗೆ ಈ ವಾದ ದಕ್ಕುತ್ತಿರಲಿಲ್ಲ.

ಆಮೇಲೆ ಬರೆದದ್ದನ್ನೂ ನೋಡಿ. 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ, 1923ರಲ್ಲಿ ರೂಪಾಯಿಯ ಸಮಸ್ಯೆ, 1936ರಲ್ಲಿ ಜಾತಿ ವಿನಾಶ, 1946ರಲ್ಲಿ ಶೂದ್ರರು ಯಾರು, 1948ರಲ್ಲಿ ಅಸ್ಪೃಶ್ಯರು. ಇವನ್ನು ಲೈಬ್ರರಿಯಲ್ಲಿ ಒಂದೇ ಕಪಾಟಿನಲ್ಲಿ ಇಡೋಕೆ ಆಗುತ್ತಾ? ನೀಲಿ ಕೋಟಿನ ಫೋಟೋಕ್ಕೆ ಹಾರ ಹಾಕುವ ನಾವು ಆ ಕೋಟಿನ ಜೇಬಿನಲ್ಲಿ ಯಾವ ಪುಸ್ತಕಗಳಿದ್ದವು ಅಂತ ಕೇಳೋದೇ ಇಲ್ಲ.

ಈಗ ನಮ್ಮ ಚಳವಳಿಯ ಕಥೆಗೆ ಬರೋಣ. 1973ರ ಬೂಸಾ ಗಲಾಟೆಯ ನಂತರ ಎದ್ದ ದಲಿತ ಚಳವಳಿಗೆ ಮಾತು ಕೊಟ್ಟವರಲ್ಲಿ ದೊಡ್ಡ ಪಾಲು ಸಾಹಿತ್ಯದಿಂದ ಬಂದವರು. ನಮ್ಮ ಪಕ್ಕದ ಹರಿಹರದ ಬಿ. ಕೃಷ್ಣಪ್ಪನವರು ಕಾಲೇಜು ಮೇಷ್ಟ್ರು. ಸಿದ್ಧಲಿಂಗಯ್ಯನವರು ಕವಿ ಮಾತ್ರ ಅಲ್ಲ, ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದವರು. ಕನ್ನಡ ವಿಭಾಗದಲ್ಲಿ ಕೂತು ಧರ್ಮ, ಜಾನಪದ, ಜಾತಿ ಮೂರನ್ನೂ ಒಟ್ಟಿಗೆ ನೋಡಿದರು. ಅವರು ನಮಗೆ ದನಿ ಕೊಟ್ಟರು. ಆ ಋಣ ತೀರಿಸೋಕೆ ಆಗಲ್ಲ.

ಆದರೆ ಇವತ್ತು ನಮ್ಮನ್ನು ಹೊಡೀತಿರೋ ದೊಣ್ಣೆ ಬೇರೆ ರೂಪದಲ್ಲಿದೆ. ಅದು ಬಜೆಟ್ ಪುಸ್ತಕದ ಅನುಬಂಧದಲ್ಲಿದೆ. ಒಂದು ಉದಾಹರಣೆ ಕೊಡ್ತೀನಿ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದಿದ್ದು 2013ರಲ್ಲಿ. ನಮ್ಮ ಜನಸಂಖ್ಯೆಗೆ ತಕ್ಕ ಪಾಲು, ಅಂದ್ರೆ ನೂರಕ್ಕೆ 24ಕ್ಕಿಂತ ಸ್ವಲ್ಪ ಹೆಚ್ಚು, ನಮಗೇ ಖರ್ಚಾಗಬೇಕು ಅಂತ ಕಾಯ್ದೆ ಹೇಳುತ್ತೆ. ಅದರಲ್ಲಿ 7(ಡಿ) ಅಂತ ಒಂದು ಕಿಂಡಿ ಇತ್ತು. ದೊಡ್ಡ ರಸ್ತೆ, ನೀರಾವರಿ ಇಂಥದ್ದರಲ್ಲಿ ದಲಿತರಿಗೂ ಲಾಭ ಆಗುತ್ತೆ ಅಂತ ‘ಭಾವಿಸಿ’ ಆ ಲೆಕ್ಕಕ್ಕೆ ದುಡ್ಡು ತೋರಿಸೋ ಕಿಂಡಿ ಅದು. ಹೋರಾಟ ಮಾಡಿದೆವು, 2023ರಲ್ಲಿ 7(ಡಿ) ತೆಗೆದರು, ನಾವು ಪಟಾಕಿ ಹೊಡೆದೆವು. ಪಕ್ಕದ 7(ಸಿ) ಹಾಗೇ ಉಳಿಯಿತು. ಅದೇ 2023-24ರಲ್ಲಿ ಈ ನಿಧಿಯಿಂದ 11,144 ಕೋಟಿ ರೂಪಾಯಿ ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಮರುವರ್ಷ ಸುಮಾರು 14 ಸಾವಿರ ಕೋಟಿ. ಕೇಳಿದರೆ ಸರ್ಕಾರದ ಉತ್ತರ: "ಗ್ಯಾರಂಟಿ ಪಡೆಯೋರಲ್ಲಿ ದಲಿತರೂ ಇದ್ದಾರಲ್ಲ."

ಈ ಉತ್ತರಕ್ಕೆ ಎದುರು ಉತ್ತರ ಕೊಡೋಕೆ ಏನು ಬೇಕು? ಕಾಯ್ದೆಯ ಭಾಷೆ ಗೊತ್ತಿರಬೇಕು. ಬಜೆಟ್ ಓದೋಕೆ ಬರಬೇಕು. ಎಲ್ಲರಿಗೂ ಸಿಗುವ ಹಕ್ಕಿಗೂ ನಮಗಾಗಿ ಮೀಸಲಿಟ್ಟ ಅಭಿವೃದ್ಧಿ ಹಣಕ್ಕೂ ಇರುವ ವ್ಯತ್ಯಾಸವನ್ನು ತತ್ವದ ಮಟ್ಟದಲ್ಲಿ ವಾದಿಸೋಕೆ ಬರಬೇಕು. ಆಮೇಲೆ ಅದನ್ನು ಕೇರಿಯ ಅವ್ವನಿಗೆ ಅರ್ಥ ಆಗೋ ಕನ್ನಡದಲ್ಲಿ ಹೇಳೋಕೂ ಬರಬೇಕು. ಯಾಕಂದ್ರೆ ಅವಳ ಅಕೌಂಟಿಗೆ ಎರಡು ಸಾವಿರ ಬಂದಿದೆ, ಅವಳಿಗೆ ಅದು ಬೇಕು, ಅದು ತಪ್ಪು ಅಂತ ಹೇಳಿದರೆ ಅವಳು ನಮ್ಮನ್ನೇ ಬೈತಾಳೆ. ಡಿಸಿ ಆಫೀಸ್ ಮುಂದೆ ಧಿಕ್ಕಾರ ಕೂಗೋಕೆ ನಮ್ಮಲ್ಲಿ ಸಾವಿರ ಜನ ಇದ್ದಾರೆ. ಆ ಅನುಬಂಧ ಓದಿ ಲೆಕ್ಕ ಹಾಕೋರು ಒಂದು ತಾಲ್ಲೂಕಿಗೆ ಎಷ್ಟು ಜನ ಇದ್ದಾರೆ? ಬೆರಳಲ್ಲಿ ಎಣಿಸಿ ನೋಡಿ.

ಒಳಮೀಸಲಾತಿಯೂ ಹಾಗೇ. ನಾಗಮೋಹನ್ ದಾಸ್ ಆಯೋಗ ಐದು ಗುಂಪು ಅಂದಿತು, 2025ರ ಆಗಸ್ಟ್‌ನಲ್ಲಿ ಸಂಪುಟ 6-6-5 ಅಂತ ಮೂರು ಮಾಡಿತು, ಅಲೆಮಾರಿ ಸಮುದಾಯಗಳು ಬೀದಿಗಿಳಿದವು. ಆ ಚರ್ಚೆಯಲ್ಲಿ ವಾಟ್ಸಾಪಿನಲ್ಲಿ ಎಡ-ಬಲ ಅಂತ ಬೈದಾಡಿದವರೇ ಹೆಚ್ಚು, ವರದಿಯ ಕೋಷ್ಟಕ ತೆರೆದು ನೋಡಿದವರು ಕಡಿಮೆ. ಸಮೀಕ್ಷೆ ಓದೋ ವಿದ್ಯೆಯನ್ನು ನಮ್ಮ ಮಕ್ಕಳು ಕಲಿಯದೆ ಇದ್ದರೆ ನಮ್ಮ ಪಾಲು ಎಷ್ಟು ಅಂತ ಯಾವತ್ತೂ ಬೇರೆಯವರೇ ಹೇಳ್ತಾರೆ.

"ಈ ಓದಿನಲ್ಲಿ ಏನೂ ಇಲ್ಲ" ಅನ್ನೋರಿಗೆ ಇನ್ನೊಂದು ಮಾತು ಕೇಳ್ತೀನಿ. ಏನೂ ಇಲ್ಲದಿದ್ದರೆ ದೆಹಲಿಯವರು ಯಾಕೆ ಬಾಗಿಲು ಹಾಕಿದರು? ದಲಿತ ಮಕ್ಕಳು ವಿದೇಶದಲ್ಲಿ ಓದೋಕೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. 2022ರ ಫೆಬ್ರವರಿಯಲ್ಲಿ ಅದರ ನಿಯಮ ಬದಲಾಯಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಮೇಲಿನ ಸಾಮಾಜಿಕ ಅಧ್ಯಯನ ಈ ವಿಷಯಗಳಿಗೆ ಸ್ಕಾಲರ್‌ಶಿಪ್ ಇಲ್ಲ ಅಂದರು. ಇದರ ಅರ್ಥ ಬಿಡಿಸಿ ಹೇಳಬೇಕಾ? ದಲಿತ ಹುಡುಗ ಸರ್ಕಾರದ ದುಡ್ಡಿನಲ್ಲಿ ಹೊರದೇಶಕ್ಕೆ ಹೋಗಿ ಎಂಜಿನಿಯರಿಂಗ್ ಓದಬಹುದು. ಜಾತಿಯ ಬಗ್ಗೆ ಓದುವಂತಿಲ್ಲ. ಬಾಬಾಸಾಹೇಬರು ಇವತ್ತು ಅರ್ಜಿ ಹಾಕಿ 1916ರ ಆ ವಿಷಯವನ್ನೇ ಬರೆದಿದ್ದರೆ ಅರ್ಜಿ ತಿರಸ್ಕೃತ ಆಗುತ್ತಿತ್ತು.

ಇಲ್ಲೂ ಅದೇ. ಸಾಮಾಜಿಕ ಬಹಿಷ್ಕಾರ ಮತ್ತು ಒಳಗೊಳ್ಳುವಿಕೆಯ ನೀತಿಯ ಅಧ್ಯಯನಕ್ಕಂತಲೇ ಯುಜಿಸಿ ಹಲವು ವಿಶ್ವವಿದ್ಯಾಲಯಗಳಲ್ಲಿ ಕೇಂದ್ರ ತೆರೆದಿತ್ತು, ನಮ್ಮ ಮೈಸೂರು ವಿವಿ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಎರಡರಲ್ಲೂ. ಕಾನೂನು, ಸಮಾಜಶಾಸ್ತ್ರ, ಇತಿಹಾಸದವರು ಒಂದೇ ಸೂರಿನಡಿ ಕೂರುವ ಜಾಗಗಳು ಅವು. 2017ರಲ್ಲಿ ಯೋಜನೆಯ ಅವಧಿ ಮುಗೀತು ಅನ್ನೋ ನೆಪದಲ್ಲಿ ಅವುಗಳ ಮೇಲೆ, ಮಹಿಳಾ ಅಧ್ಯಯನ ಕೇಂದ್ರಗಳ ಮೇಲೆ ಮುಚ್ಚುವ ಭಯ ಬಂತು. ಕೆಲಸಕ್ಕೆ ಬಾರದ ಓದನ್ನು ಯಾರೂ ಇಷ್ಟು ಕಷ್ಟಪಟ್ಟು ಮುಚ್ಚೋದಿಲ್ಲ.

ಇನ್ನೊಂದು ಕಡೆ ತಮಾಷೆ ನೋಡ್ರಿ. ನಮ್ಮ ಕಡೆ ಅಡ್ಮಿಷನ್ ಕಡಿಮೆ ಅಂತ ಬಿ.ಎ. ಕಾಂಬಿನೇಷನ್‌ಗಳನ್ನು ಒಂದೊಂದಾಗಿ ನಿಲ್ಲಿಸ್ತಾರೆ. ಅದೇ ಹೊತ್ತಿಗೆ ಹರಿಯಾಣದ ಅಶೋಕ ಥರದ ಖಾಸಗಿ ವಿಶ್ವವಿದ್ಯಾಲಯಗಳು ‘ಲಿಬರಲ್ ಆರ್ಟ್ಸ್’ ಅಂತ ಹೆಸರಿಟ್ಟು ಅದೇ ಇತಿಹಾಸ-ಅರ್ಥಶಾಸ್ತ್ರ-ಸಮಾಜಶಾಸ್ತ್ರವನ್ನು ವರ್ಷಕ್ಕೆ ಲಕ್ಷಗಟ್ಟಲೆ ಫೀಸಿಗೆ ಮಾರ್ತಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2025ರಲ್ಲಿ ಬಿ.ಎ. ಆನರ್ಸ್ ಶುರು ಮಾಡಿತು. ಕೋಟ್ಯಧಿಪತಿಗಳ ಮಕ್ಕಳು ಓದಿದರೆ ಅದು ಲಿಬರಲ್ ಆರ್ಟ್ಸ್, ಬ್ಯಾಡಗಿಯ ಹಮಾಲರ ಮಗಳು ಓದಿದರೆ ಅದು ‘ಬರೇ ಬಿ.ಎ.’. ಅವರಿಗೆ ಗೊತ್ತು, ನಾಳೆ ನೀತಿ ಬರೆಯೋರು, ಪತ್ರಿಕೆ ನಡೆಸೋರು, ಸಂಸ್ಥೆ ಕಟ್ಟೋರು ಈ ಕ್ಲಾಸಿನಿಂದಲೇ ಬರ್ತಾರೆ ಅಂತ. ನಮ್ಮ ಬಗ್ಗೆ ವರದಿ ಬರೆಯೋಕೆ ನಾಳೆ ಅವರ ಮಕ್ಕಳೇ ಕ್ಯಾಮೆರಾ ಹಿಡಿದು ನಮ್ಮ ಕೇರಿಗೆ ಬರ್ತಾರೆ. ನಮ್ಮ ಮಕ್ಕಳು ಅವರಿಗೆ ದಾರಿ ತೋರಿಸಿ, ಚಹಾ ತಂದುಕೊಟ್ಟು ನಿಲ್ತಾರೆ.

ನಮ್ಮ ಮಕ್ಕಳಿಗೆ ಓದೋಕೆ ವಿಷಯ ಇಲ್ಲವಾ? ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿ ನಿಂತರೆ ಹತ್ತು ಪಿಎಚ್.ಡಿ.ಗೆ ಆಗೋಷ್ಟಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅದರ ಕೆಂಪು ಬಣ್ಣ ಲಿಪ್‌ಸ್ಟಿಕ್ ತನಕ ಹೋಗುತ್ತೆ. 2024ರ ಮಾರ್ಚ್ 11ರಂದು ದರ ಬಿದ್ದಾಗ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಟಿ.ವಿ.ಯಲ್ಲಿ ಒಂದು ಕಡೆ ರೈತ, ಇನ್ನೊಂದು ಕಡೆ ವರ್ತಕ. ಕಾಯಿಯ ತೊಟ್ಟು ಬಿಡಿಸುತ್ತಾ ಇಡೀ ದಿನ ಘಾಟಿನಲ್ಲಿ ಕೂರುವ ಹೆಣ್ಣುಮಕ್ಕಳು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಅವರ ಕೈ ಉರಿ ರಾತ್ರಿ ಎಷ್ಟು ಹೊತ್ತಿಗೆ ಆರುತ್ತೆ, ಅವರ ಕೂಲಿ ಯಾವ ಲೆಕ್ಕದ ಮೇಲೆ ನಿಗದಿಯಾಗುತ್ತೆ, ಅವರು ಯಾವ ಯಾವ ಜಾತಿಯವರು, ಜಿಐ ಟ್ಯಾಗಿನ ಹೆಸರಿನಿಂದ ಅವರಿಗೆ ಏನು ಸಿಕ್ಕಿತು? ಇದು ಅರ್ಥಶಾಸ್ತ್ರವಾ, ಆರೋಗ್ಯವಾ, ಮಹಿಳಾ ಅಧ್ಯಯನವಾ, ಕಾನೂನಾ?

ರಾಣೇಬೆನ್ನೂರು ಸುತ್ತ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಿವೆ. ಒಂದೊಂದು ಹೂವಿಗೂ ಕೈಯಿಂದ ಪರಾಗ ಹಚ್ಚುವ ಕೆಲಸ. ಹೊಲ ಯಾರದು, ಒಪ್ಪಂದ ಯಾರ ಹೆಸರಿನಲ್ಲಿ, ಹೂವಿನ ಮುಂದೆ ಬಗ್ಗಿ ನಿಂತವರು ಯಾರು? ಕೃಷಿ ವಿಜ್ಞಾನದವರು ತಳಿಯ ಇಳುವರಿ ಅಳೀತಾರೆ. ಬಗ್ಗಿದ ಬೆನ್ನನ್ನು ಅಳೆಯೋದು ಅವರ ಸಿಲೆಬಸ್‌ನಲ್ಲಿ ಇಲ್ಲ. ಅದನ್ನು ಅಳೆಯೋಕೆ ಆ ಹೊಲದ ಬದುವಿನಲ್ಲಿ ಬೆಳೆದ ಮಗು ಬೇಕು, ಅದರ ಕೈಗೆ ನಾಲ್ಕು ಶಾಸ್ತ್ರದ ಅಳತೆಗೋಲೂ ಬೇಕು.

ಇಲ್ಲಿ ಒಬ್ಬ ಅಣ್ಣಾವ್ರು ಎದ್ದು ನಿಂತು ಕೇಳ್ತಾರೆ, ನನಗೆ ಗೊತ್ತು: "ಎಲ್ಲಾ ಖರೆ ತಮ್ಮಾ, ನೌಕರಿ?" ನ್ಯಾಯವಾದ ಪ್ರಶ್ನೆ. ನಾನೂ ಬಿ.ಎ. ಓದಿ ಗುಮಾಸ್ತನಾಗಿ ಫೈಲು ಹೊರುವವನೇ. ಸಂಬಳ ಇಲ್ಲದ ಕ್ರಾಂತಿ ಎಷ್ಟು ದಿನ ನಡೆಯುತ್ತೆ ಅಂತ ನನಗೂ ಗೊತ್ತಿದೆ. ಅದಕ್ಕೇ ಸಿಹಿ ಸುಳ್ಳು ಹೇಳದೆ, ಇದ್ದದ್ದು ಇದ್ದ ಹಾಗೆ ಬರೀತೀನಿ.

ಒಂದು. ಕೆಎಎಸ್, ಪಿಡಿಒ, ಪಿಎಸ್‌ಐ ಇಂಥ ಪರೀಕ್ಷೆಗಳಿಗೆ ಯಾವ ಡಿಗ್ರಿಯಾದರೂ ನಡೆಯುತ್ತೆ. ಬಿ.ಎ. ಮಾಡಿದರೆ ಅಲ್ಲಿ ನಷ್ಟ ಏನೂ ಇಲ್ಲ, ಸಾಮಾನ್ಯ ಅಧ್ಯಯನದ ಪತ್ರಿಕೆಗೆ ಲಾಭವೇ ಇದೆ.

ಎರಡು. ಪಿಯು ಉಪನ್ಯಾಸಕ, ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗಳು ಈಗಲೂ ವಿಷಯವಾರು ಕರೀತಾರೆ. ಇತಿಹಾಸದ ಹುದ್ದೆಗೆ ಇತಿಹಾಸದ ಎಂ.ಎ. ಬೇಕು. ಅಭಿವೃದ್ಧಿ ಅಧ್ಯಯನ ಅಂತಲೋ ಸಾರ್ವಜನಿಕ ನೀತಿ ಅಂತಲೋ ಎಂ.ಎ. ಮಾಡಿದವನು ಅಲ್ಲಿ ಬಾಗಿಲ ಹೊರಗೆ ನಿಲ್ಲಬೇಕಾಗಬಹುದು. ಮೇಷ್ಟ್ರ ಕೆಲಸವೇ ಬೇಕು ಅನ್ನೋರು ಒಂದು ಗಟ್ಟಿ ವಿಷಯದಲ್ಲಿ ಎಂ.ಎ. ಇಟ್ಟುಕೊಂಡು, ಬೆರಕೆ ಓದನ್ನು ಸಂಶೋಧನೆಯಲ್ಲಿ ಮಾಡಲಿ. ಹೆಸರು ಚೆಂದ ಇದೆ ಅಂತ ಕೋರ್ಸ್ ಸೇರಬೇಡಿ. ಆ ವಿಷಯ ನೆಟ್ ಅಥವಾ ಕೆಸೆಟ್ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಮಹಿಳಾ ಅಧ್ಯಯನ, ಸಮಾಜಕಾರ್ಯ, ಮಾನವ ಹಕ್ಕುಗಳು ಇವು ನೆಟ್ ಪಟ್ಟಿಯಲ್ಲಿವೆ.

ಮೂರು. ಬಿ.ಎ.ಯಲ್ಲಿ ಈಗ ಮತ್ತೆ ಮೂರು ವಿಷಯಗಳ ಪದ್ಧತಿ ಬಂದಿದೆ. 2021ರಲ್ಲಿ ದೇಶಕ್ಕೇ ಮೊದಲು ನಾವೇ ಅಂತ ಎನ್‌ಇಪಿ ತಂದರು, ಓಪನ್ ಎಲೆಕ್ಟಿವ್ ಅಂದರು. ಹೆಸರಿಗೆ ಓಪನ್, ಆದರೆ ಕಾಲೇಜಿನಲ್ಲಿ ಯಾವ ಮೇಷ್ಟ್ರು ಇದ್ದಾರೋ ಅದೇ ಎಲೆಕ್ಟಿವ್. 2024-25ರಿಂದ ಅದನ್ನು ಬಿಟ್ಟು ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದರು. ಸರಿ, ಇದ್ದದ್ದನ್ನೇ ಬಳಸಿಕೊಳ್ಳೋಣ. ಗೆಳೆಯ ತಗೊಂಡ ಅಂತಲೋ, ಪಾಸಾಗೋದು ಸಲೀಸು ಅಂತಲೋ ಕಾಂಬಿನೇಷನ್ ಆರಿಸಬೇಡಿ. ಮೂರರಲ್ಲಿ ಒಂದು ಲೆಕ್ಕ ಕಲಿಸಬೇಕು, ಅಂದ್ರೆ ಅರ್ಥಶಾಸ್ತ್ರ. ಒಂದು ಹಿಂದಿನದನ್ನು ಇಲ್ಲಾ ಸಮಾಜವನ್ನು ಓದೋಕೆ ಕಲಿಸಬೇಕು, ಅಂದ್ರೆ ಇತಿಹಾಸವೋ ಸಮಾಜಶಾಸ್ತ್ರವೋ. ಇನ್ನೊಂದು ಬರೆಯೋಕೆ, ವಾದಿಸೋಕೆ ಕಲಿಸಬೇಕು, ಅಂದ್ರೆ ಕನ್ನಡವೋ ರಾಜ್ಯಶಾಸ್ತ್ರವೋ. ಜೊತೆಗೆ ಇಂಗ್ಲಿಷನ್ನು ಹಠ ಹಿಡಿದು ಕಲೀರಿ. ಇಂಗ್ಲಿಷ್ ಬರದಿದ್ದರೆ ಮುಂದಿನ ಬಾಗಿಲುಗಳು ಅರ್ಧ ಮಾತ್ರ ತೆರೀತವೆ.

ನಾಲ್ಕು. ಡಿಗ್ರಿ ಆದ ಮೇಲೆ ಎಲ್ಲಿಗೆ ಹೋಗಬೇಕು? ಹತ್ತಿರದಿಂದಲೇ ಹೇಳ್ತೀನಿ. ನಮ್ಮ ಜಿಲ್ಲೆಯಲ್ಲೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಪಕ್ಕದ ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನ, ಮಹಿಳಾ ಅಧ್ಯಯನ, ಬುಡಕಟ್ಟು ಅಧ್ಯಯನ ವಿಭಾಗಗಳಿವೆ, ಕನ್ನಡದಲ್ಲೇ ಸಂಶೋಧನೆ ಮಾಡಬಹುದು. ಕಲಬುರಗಿಯ ಕಡಗಂಚಿಯಲ್ಲ��� ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅದಕ್ಕೆ ಸಿಯುಇಟಿ ಬರೀಬೇಕು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ (ಟಿಸ್) ದಲಿತ ಮತ್ತು ಆದಿವಾಸಿ ಅಧ್ಯಯನದ ಮೇಲೆಯೇ ಸಮಾಜಕಾರ್ಯದ ಎಂ.ಎ. ಕಟ್ಟಿದ್ದಾರೆ. ಅದರ ಇನ್ನೊಂದು ಕ್ಯಾಂಪಸ್ ಸೊಲ್ಲಾಪುರದ ಆಚೆ ತುಳಜಾಪುರದಲ್ಲಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಖಾಸಗಿಯೇ ಆದರೂ ಮನೆಯ ಆದಾಯ ನೋಡಿ ಫೀಸ್ ರಿಯಾಯಿತಿ ಕೊಡುತ್ತೆ. ಇವುಗಳ ಹೆಸರು ನಮ್ಮ ಎಷ್ಟು ಹಾಸ್ಟೆಲ್ ಹುಡುಗರಿಗೆ ಗೊತ್ತಿದೆ? ಅರ್ಜಿಯ ಕೊನೆ ದಿನ ಮುಗಿದ ಮೇಲೆ ಗೊತ್ತಾಗೋದೇ ನಮ್ಮ ಹಣೆಬರಹ ಆಗಿದೆ.

ಐದು. ಸೀಟು ಸಿಕ್ಕರೆ ಎಲ್ಲಾ ಮುಗೀತು ಅಂದ್ಕೋಬೇಡಿ. ರೋಹಿತ್ ವೇಮುಲ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದಿಂದ ಶುರು ಮಾಡಿ ‘ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ’ ಅನ್ನೋ ಅಂತರಶಿಸ್ತೀಯ ಪಿಎಚ್.ಡಿ.ಗೆ ಬಂದ ಹುಡುಗ. ಫೆಲೋಶಿಪ್ ತಡೆದರು, ಹಾಸ್ಟೆಲ್‌ನಿಂದ ಹೊರಹಾಕಿದರು. 2016ರ ಜನವರಿ 17 ನಮಗೆಲ್ಲ ನೆನಪಿದೆ. 2018ರಲ್ಲಿ ಟಿಸ್‌ನಲ್ಲಿ ನಮ್ಮ ಮಕ್ಕಳ ಊಟ-ಹಾಸ್ಟೆಲ್ ರಿಯಾಯಿತಿ ತೆಗೆದಾಗ ಅವರು ಮುಷ್ಕರ ಕೂರಬೇಕಾಯಿತು. ಆದ್ದರಿಂದ ಮಗುವನ್ನು ಬಸ್ ಹತ್ತಿಸಿ ಕೈ ತೊಳೆದುಕೊಂಡರೆ ಆಗೋದಿಲ್ಲ. ಹಿಂದೆ ಸಮಾಜ ನಿಂತಿರಬೇಕು.

ಈಗ ನಮ್ಮದೇ ಹಾವೇರಿ ವಿಶ್ವವಿದ್ಯಾಲಯದ ಮಾತು. ಕೆರಿಮತ್ತಿಹಳ್ಳಿಯಲ್ಲಿದ್ದ ಧಾರವಾಡ ವಿವಿಯ ಪಿ.ಜಿ. ಸೆಂಟರನ್ನೇ 2023ರಲ್ಲಿ ವಿಶ್ವವಿದ್ಯಾಲಯ ಮಾಡಿದರು. ದುಡ್ಡು ಕೊಡಲಿಲ್ಲ, ಬೇಕಾದಷ್ಟು ಕಾಯಂ ಮೇಷ್ಟ್ರುಗಳನ್ನು ಕೊಡಲಿಲ್ಲ. ಎರಡು ವರ್ಷ ತುಂಬೋದರೊಳಗೆ, 2025ರ ಫೆಬ್ರವರಿಯಲ್ಲಿ, ಸಂಪುಟ ಉಪಸಮಿತಿ ದುಡ್ಡಿಲ್ಲ ಅಂತ ಒಂಬತ್ತು ವಿವಿಗಳನ್ನು ಮುಚ್ಚುವ ಮಾತಾಡಿತು. ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಹುಟ್ಟಿಸಿದವರು ಹಾಲು ಕೊಡಲಿಲ್ಲ, ಆಮೇಲೆ ಬಂದವರು ಕೂಸು ಸಣಕಲಾಗಿದೆ, ಸಾಕೋದು ಬೇಡ ಅಂದರು. ಎರಡೂ ಪಕ್ಷಗಳ ಮುಖ ನೋಡಿದ್ದೀವಿ.

ಕೆಲವರು "ಮುಚ್ಚಿದರೆ ಮುಚ್ಚಲಿ, ಧಾರವಾಡಕ್ಕೆ ಹೋಗಬಹುದಲ್ಲ" ಅಂದರು. ಗಂಡುಮಕ್ಕಳ ಅಪ್ಪಂದಿರು ಹಾಗೆ ಹೇಳಬಹುದು. ಬ್ಯಾಡಗಿ ತಾಲ್ಲೂಕಿನ ಒಬ್ಬ ತಂಗಿ ಇದ್ದಾಳೆ, ಅವಳ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಹೋಗ್ತಾಳೆ. ಮಗಳಿಗೆ ಎಂ.ಎ. ಓದೋ ಆಸೆ. "ಹಾವೇರಿ ಆದ್ರ ಮುಂಜಾನೆ ಬಸ್ಸಿಗೆ ಹೋಗಿ ಸಂಜಿಗೆ ಬರ್ತಾಳ, ಕಳಸ್ತೀನ್ರಿ. ಧಾರವಾಡ ಅಂದ್ರ ಅವರಪ್ಪ ಲಗ್ನಾ ಮಾಡಿಬಿಡ್ತಾನ್ರಿ" ಅಂದಳು ಆ ಅವ್ವ. ಆ ಹುಡುಗಿಯ ಓದು ನಿಂತಿರೋದು ಬಸ್ಸು ಎಷ್ಟು ದೂರ ಹೋಗಬೇಕು ಅನ್ನೋದರ ಮೇಲೆ. ಉಪಸಮಿತಿಯ ಖರ್ಚಿನ ಪಟ್ಟಿಯಲ್ಲಿ ಈ ಲೆಕ್ಕ ಇತ್ತಾ?

ಹಾಗಾದರೆ ನಮ್ಮ ಬೇಡಿಕೆ ಏನು? ಬರೀ ‘ಮುಚ್ಚಬೇಡಿ’ ಅಂದರೆ ಸಾಲದು. ಹಾವೇರಿ ವಿವಿ ಇನ್ನೊಂದು ಧಾರವಾಡದ ನಕಲು ಆಗೋದು ಬೇಡ. ಈ ಜಿಲ್ಲೆಯ ಭೂಮಿ, ಮಾರುಕಟ್ಟೆ, ಜಾತಿ, ದುಡಿಮೆ, ವಲಸೆ ಇವನ್ನು ಒಟ್ಟಿಗೆ ಓದಿಸುವ ಒಂದು ಎಂ.ಎ. ಇಲ್ಲಿ ಶುರುವಾಗಲಿ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ, ಕಾನೂನಿನವರು ಸೇರಿ ಪಾಠ ಮಾಡಲಿ. ಸವಣೂರು, ಬ್ಯಾಡಗಿ, ರಾಣೇಬೆನ್ನೂರು ಅದಕ್ಕೆ ಪ್ರಯೋಗಶಾಲೆ ಆಗಲಿ. ಆ ಪದವಿ ಹಿಡಿದವರು ಹುದ್ದೆಗೆ ಅರ್ಜಿ ಹಾಕುವಂತೆ ನೇಮಕಾತಿ ನಿಯಮ ತಿದ್ದಲಿ. ರಾಜ್ಯದ ಸರ್ಕಾರಿ ಡಿಗ್ರಿ ಕಾಲೇಜುಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಡೆಸೋದು ನಿಲ್ಲಲಿ. ನಾಳೆ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಮೇಷ್ಟ್ರು ಹೊಸ ಕೋರ್ಸ್ ಹೇಗೆ ಕಟ್ಟುತ್ತಾರೆ? ಓವರ್‌ಸೀಸ್ ಸ್ಕಾಲರ್‌ಶಿಪ್ಪಿನ ಆ ನಿಷೇಧ ಹೋಗಲಿ. ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ ಎರಡೂವರೆ ಲಕ್ಷದ ಆದಾಯ ಮಿತಿ ಇಟ್ಟಿದ್ದಾರಲ್ಲ, ಅದು ಏರಲಿ.

ಸರ್ಕಾರಕ್ಕೆ ಹೇಳೋದು ಇಷ್ಟು. ನಮಗೆ ನಾವು ಹೇಳಿಕೊಳ್ಳೋದೂ ಇದೆ. ಜಯಂತಿಗೆ ಡಿಜೆ ತರಿಸ್ತೀವಿ, ಆಳೆತ್ತರದ ಕಟೌಟ್ ನಿಲ್ಲಿಸ್ತೀವಿ. ಒಂದು ವರ್ಷದ ಡಿಜೆ ದುಡ್ಡಿನಲ್ಲಿ ಎಷ್ಟು ಮಕ್ಕಳ ಸಿಯುಇಟಿ ಫೀಸು, ರೈಲು ಚಾರ್ಜು, ಒಂದೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆಗುತ್ತೆ ಅಂತ ಕಮಿಟಿಯವರು ಕೂತು ಲೆಕ್ಕ ಹಾಕಲಿ. ಡಿಜೆ ಬೇಡವೇ ಬೇಡ ಅಂತ ಯುವಕರ ಮೇಲೆ ಎಗರೋಕೆ ನಾನು ಬಂದಿಲ್ಲ, ಕುಣಿಯೋ ವಯಸ್ಸು ಕುಣೀಲಿ. ಅರ್ಧ ದುಡ್ಡು ಪುಸ್ತಕಕ್ಕೆ ಹೋಗಲಿ.

ಕೆಲಸ ಹೀಗೆ ಶುರು ಮಾಡೋಣ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಕಡೆ ಈಗಾಗಲೇ ಎಂ.ಎ., ಪಿಎಚ್.ಡಿ. ಮಾಡಿದ ನಮ್ಮವರು ವಾರಕ್ಕೊಂದು ದಿನ, ಭಾನುವಾರ ಎರಡು ತಾಸು, ಅಂಬೇಡ್ಕರ್ ಭವನದಲ್ಲೋ ಹಾಸ್ಟೆಲ್‌ನಲ್ಲೋ ಕೂರಬೇಕು. ಬಂದ ಮಕ್ಕಳಿಗೆ ಯುಯುಸಿಎಂಎಸ್‌ನಲ್ಲಿ ಕಾಂಬಿನೇಷನ್ ಹಾಕೋದು ಹೇಗೆ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ ಹೇಗೆ, ಮುಂದಿನ ವರ್ಷದ ಪ್ರವೇಶ ಪರೀಕ್ಷೆ ಯಾವುದು ಅಂತ ಹೇಳಿಕೊಡಬೇಕು. ಕಾಸ್ಟ್ ಸರ್ಟಿಫಿಕೇಟ್, ಆದಾಯ ಪ್ರಮಾಣಪತ್ರ, ಫಾರ್ಮು, ಸ್ಕ್ಯಾನಿಂಗು ಇವೆಲ್ಲ ನನ್ನ ದಿನನಿತ್ಯದ ಕೆಲಸ, ಅದನ್ನು ನಾನು ಮಾಡಿಕೊಡ್ತೀನಿ. ಅರ್ಥಶಾಸ್ತ್ರ ಹೇಳಿಕೊಡೋಕೆ ಒಬ್ಬರು, ಇಂಗ್ಲಿಷಿಗೆ ಒಬ್ಬರು, ಕಾನೂನಿಗೆ ಒಬ್ಬರು ವಕೀಲರು ಬೇಕು. ಬರ್ತೀನಿ ಅನ್ನೋರು ಇನ್‌ಬಾಕ್ಸಿಗೆ ಬರ್ರಿ. ಬರೀ ಕೆಂಪು ಹಾರ್ಟ್ ಒತ್ತಿ ಮುಂದೆ ಹೋಗಬೇಡ್ರಿ.

ಮನೆಯಲ್ಲಿ ಪಿಯುಸಿ ಮುಗಿಸಿದ ಮಗಳೋ ತಮ್ಮನೋ ಇದ್ದು ಆರ್ಟ್ಸ್ ಓದ್ತೀನಿ ಅಂದರೆ, "ಯಾಕ?" ಅಂತ ಬೈಯೋ ಮೊದಲು "ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂದ್ಕೊಂಡಿದ್ದಿ?" ಅಂತ ಒಂದು ಸಲ ಕೇಳಿ. ಉತ್ತರ ಇದ್ದರೆ ಫೀಸು ಕಟ್ಟಿ. ಉತ್ತರ ಇಲ್ಲದಿದ್ದರೆ ಭಾನುವಾರ ನಮ್ಮ ಹತ್ತಿರ ಕಳಿಸಿ, ಮೆಣಸಿನಕಾಯಿ ಮಾರ್ಕೆಟ್ಟಿಗೆ ಕರಕೊಂಡು ಹೋಗ್ತೀವಿ. ಪ್ರಶ್ನೆಗಳಿಗೆ ಅಲ್ಲಿ ಬರಗಾಲ ಇಲ್ಲ.

ಶೇರ್ ಮಾಡಿ. ಹಾಸ್ಟೆಲ್ ಗ್ರೂಪುಗಳಿಗೆ ಹಾಕಿ.

ಜೈ ಭೀಮ್.